ಎರಡು ಕೋಷ್ಟಕಗಳ ನಡುವೆ ತೊರಿಕಾ

ದ್ವೀಪಗಳ ನಾಡಿನ ರಾಜಧಾನಿ ಸುವಾದ ವಾಲು ಬೇಯಲ್ಲಿ ಬೆಳಕು ಇನ್ನೂ ಪೂರ್ತಿ ಬಿಟ್ಟಿಲ್ಲ. ಕೊಲ್ಲಿಯಲ್ಲಿ ಓರೆಯಾಗಿ ನಿಂತುಬಿಟ್ಟಿರುವ ಹಳೆಯ ಹಡಗುಗಳು ನೀರಿನ ಮೇಲಲ್ಲ, ಮಂಜಿನ ಮೇಲೆ ತೇಲುತ್ತಿರುವಂತಿವೆ. ಹಗ್ಗ, ಬಲೆ ಮಾರುವ ಅಂಗಡಿಯ ಮೇಲ್ಮಹಡಿಯಲ್ಲಿ ಒಂದೇ ಒಂದು ಕಿಟಕಿಗೆ ದೀಪ. ಒಳಗೆ ತೊರಿಕಾ ನೈವಾಲು ಚಪ್ಪಲಿ ಕಳಚಿ, ಕುರ್ಚಿಯ ಮೇಲೆ ಚಿಕ್ಕದೊಂದು ಚಾಪೆ ಹಾಸಿ, ಅದರ ಮೇಲೆ ಕೂತು, ಇಡೀ ಒಂದು ಊರನ್ನು ಕೆಡವುತ್ತಿದ್ದಾರೆ.

ಕೆಡವುವುದಕ್ಕೆ ಹೆಚ್ಚು ಹೊತ್ತು ಬೇಡ. ಅವರು ಒಂದು ಸಾಲು ಬರೆದು ಬೆರಳು ಒತ್ತಿದರೆ ಜನ, ಮನೆ, ಸಭಾಂಗಣ, ಚಾಪೆ ಎಲ್ಲವೂ ಅಳಿಸಿಹೋಗುತ್ತವೆ. ಒಂದು ಗಳಿಗೆ ಕಂಪ್ಯೂಟರಿನ ಪರದೆ ಖಾಲಿ. ಇನ್ನೊಂದು ಸಾಲು ಬರೆದರೆ ಅದೇ ಊರು ಬುಡದಿಂದ ಮತ್ತೆ ಏಳತೊಡಗುತ್ತದೆ. ಒಂದೊಂದು ಕೋಷ್ಟಕ ನಿಂತಾಗಲೂ ಒಂದು ಹಸಿರು ಸಾಲು. ಕತ್ತಲ ಗುಡ್ಡದ ಮೇಲೆ ನಿಂತು ಕೆಳಗಿನ ಮನೆಗಳಲ್ಲಿ ಒಂದರ ಹಿಂದೊಂದು ದೀಪ ಹತ್ತುವುದನ್ನು ನೋಡಿದ ಹಾಗೆ. ನಿನ್ನೆಯ ರಂಗೋಲಿ ಎಷ್ಟೇ ಚೆನ್ನಾಗಿದ್ದರೂ ಬೆಳಗಾದರೆ ಅಳಿಸಿ ಹೊಸದು ಹಾಕಬೇಕು. ತೊರಿಕಾ ಅವರ ಕೆಲಸವೂ ಹಾಗೆಯೇ.

ಈ ಮಂಗಳವಾರ ಹಸಿರು ಸಾಲುಗಳು ಬರುತ್ತ ಬರುತ್ತ ನಡುವೆ ನಿಂತುಬಿಡುತ್ತವೆ. ಪರದೆಯ ಮೇಲೆ ಒಂದು ಕೆಂಪು ಸಾಲು. ತೊರಿಕಾ ಏನೋ ಹೇಳಲು ಬಾಯಿ ತೆರೆಯುತ್ತಾರೆ, ಧ್ವನಿ ಹೊರಡುವುದಿಲ್ಲ. ಕಳೆದ ವಾರ ಪೂರ್ತಿ ಅವರು ಕಂದಾವು ದ್ವೀಪದ ತಮ್ಮ ಊರಿನಲ್ಲಿದ್ದರು. ಚಿಕ್ಕಪ್ಪನ ಸಾವು. ರಾತ್ರಿಗಟ್ಟಲೆ ಪ್ರಾರ್ಥನೆಯ ಹಾಡು ಹಾಡಿ ಗಂಟಲು ಅಲ್ಲೇ ಬಿಟ್ಟು ಬಂದಿದ್ದಾರೆ.

"ಬೇಡ ಅಂತಿದೆ," ಎಂದು ಪಿಸುಗುಟ್ಟುತ್ತಾರೆ.

ಯಾವುದು ಎಂದು ಕೇಳಿದರೆ, ಅದೇ ಪಿಸುದನಿಯಲ್ಲಿ:

"ಚಾಪೆ. ಇವರ್ಯಾರೋ ನಂಗೆ ಗುರುತಿಲ್ಲ ಅಂತಿದೆ."

ಚಾಪೆ ಎಂದರೆ ಚಾಪೆಯ ಕೋಷ್ಟಕ. ಈ ಚಿಕ್ಕ ಕಚೇರಿಯವರು ಕಟ್ಟುತ್ತಿರುವುದು ಚಂಡಮಾರುತದ ಹೊತ್ತಿಗೆ ಬೇಕಾಗುವ ಒಂದು ವ್ಯವಸ್ಥೆ. ಗಾಳಿ ಬರುತ್ತದೆ ಎಂದಾಗ ಊರಿನವರು ಶಾಲೆಗೋ ಚರ್ಚಿಗೋ ಓಡುತ್ತಾರಲ್ಲ, ಯಾರು ಯಾವ ಸೂರಿನ ಕೆಳಗೆ, ಯಾವ ಚಾಪೆಯ ಮೇಲೆ ಇದ್ದಾರೆ ಎಂಬುದನ್ನು ಅದು ನೆನಪಿಟ್ಟುಕೊಳ್ಳಬೇಕು. ಊರೂರಿಗೂ ಒಂದು ಪುಟ್ಟ ಪೆಟ್ಟಿಗೆ ಹೋಗುತ್ತದೆ. ಗೋಪುರ ಬಿದ್ದು ಫೋನು ಸತ್ತರೂ ಆ ಪೆಟ್ಟಿಗೆ ಬ್ಯಾಟರಿಯ ಮೇಲೆ ಬದುಕಿರುತ್ತದೆ, ದಾದಿಯರ ಕೈಯ ಟ್ಯಾಬ್ಲೆಟ್‌ಗಳು ಅದನ್ನು ಕೇಳಿ ಹೇಳುತ್ತವೆ.

ಪ್ರೋಗ್ರಾಂ ಬರೆಯುವವರು 'ಮನುಷ್ಯ ಅಂದರೆ ಹೀಗೆ, ಚಾಪೆ ಅಂದರೆ ಹೀಗೆ' ಎಂದು ವಿವರಣೆ ಬರೆದರೆ ಸಾಕು, ಕೋಷ್ಟಕಗಳನ್ನು ಒಂದು ಸಾಧನ ತಾನೇ ಕಟ್ಟಿಕೊಡುತ್ತದೆ. ಒಂದು ಕೋಷ್ಟಕ ಇನ್ನೊಂದರ ಕಡೆ ಬೆರಳು ತೋರಿಸಿ 'ಇಲ್ಲಿ ಮಲಗಿರುವುದು ಅಲ್ಲಿರುವ ಇವರೇ' ಎನ್ನಬೇಕಾದಾಗ ಎರಡರ ನಡುವೆ ಒಂದು ಕೊಂಡಿ ಬೀಳುತ್ತದೆ. ಕಸುಬಿನವರು ಅದನ್ನು ಫಾರಿನ್ ಕೀ ಎನ್ನುತ್ತಾರೆ, ತೊರಿಕಾ ಬರೀ ಕೊಂಡಿ ಎನ್ನುತ್ತಾರೆ. ಕೊಂಡಿ ಕೂಡಬೇಕಾದರೆ ಎರಡೂ ತುದಿ ಒಂದೇ ಬಗೆಯದಾಗಿರಬೇಕು. ಅಲ್ಲಿ ಸಂಖ್ಯೆಯಾದರೆ ಇಲ್ಲೂ ಸಂಖ್ಯೆ, ಅಲ್ಲಿ ಅಕ್ಷರವಾದರೆ ಇಲ್ಲೂ ಅಕ್ಷರ. ಇಲ್ಲದಿದ್ದರೆ ಡೇಟಾಬೇಸು ಕಟ್ಟುವ ಮೊದಲೇ ಕೈ ಎತ್ತುತ್ತದೆ. ಒಟ್ಟು ನಲವತ್ತೊಂದು ಕೋಷ್ಟಕ, ಅರವತ್ತಕ್ಕೂ ಹೆಚ್ಚು ಕೊಂಡಿ. ಬೇರೆಯವರು ಕಚೇರಿಗೆ ಬರುವ ಮೊದಲು ಅಷ್ಟನ್ನೂ ಕೆಡವಿ, ಕಟ್ಟಿ, ಎಲ್ಲಿ ಕೂಡಲಿಲ್ಲ ಎಂದು ನೋಡಿಡುವುದು ತೊರಿಕಾ ಅವರ ಪಾಲಿನ ಕೆಲಸ. ಅದಕ್ಕೊಂದು ಹುದ್ದೆಯ ಹೆಸರೂ ಇಲ್ಲ.

ಐವತ್ತು ದಾಟಿದ ತೊರಿಕಾ ಈ ಕೆಲಸಕ್ಕೆ ಬಂದದ್ದು ಹೊಲಿಗೆಯ ದಾರಿಯಿಂದ. ತೊಂಬತ್ತರ ದಶಕದಲ್ಲಿ ಸುವಾದ ಸುತ್ತಮುತ್ತ ಸಿದ್ಧ ಉಡುಪಿನ ಕಾರ್ಖಾನೆಗಳಿದ್ದವು. ಅಂಥದೊಂದರಲ್ಲಿ ಅವರು ತೋಳು ಕೂಡಿಸುವವರ ಹಿಂದೆ ನಿಲ್ಲುತ್ತಿದ್ದರು. "ತೋಳು ಒಂದ್ ಸಾಲಲ್ಲಿ ಹೊಲೀತಿದ್ರು, ಮೈ ಇನ್ನೊಂದ್ ಸಾಲಲ್ಲಿ. ಎರಡೂ ಚೆಂದಾನೇ ಇರ್ತಿತ್ತು. ತಂದು ಕೂಡಿಸಿದ್ರೆ ತೋಳು ದೊಡ್ಡದು, ಕಂಕುಳು ಚಿಕ್ಕದು. ಆಗ ಎಳೆದು ಎಳೆದು ಹೊಲಿಯೋರು ಇದ್ರು. ಅಂಗಡೀಲಿ ಗೊತ್ತಾಗಲ್ಲ, ಹಾಕ್ಕೊಂಡು ಕೈ ಎತ್ತಿದವನಿಗೆ ಗೊತ್ತಾಗತ್ತೆ," ಎಂದು ನಗುತ್ತಾರೆ. ಧ್ವನಿ ಇಲ್ಲದ್ದರಿಂದ ನಗು ಬರೀ ಹೆಗಲ ಮೇಲೆ ಕಾಣುತ್ತದೆ.

ಕಾರ್ಖಾನೆ ಮುಚ್ಚಿದ ವರ್ಷ ಗಂಡನೂ ತೀರಿಕೊಂಡರು. ಇಬ್ಬರು ಹೆಣ್ಣುಮಕ್ಕಳು ಆಗ ಶಾಲೆಯಲ್ಲಿದ್ದರು. ತೊರಿಕಾ ಬೆಳಗ್ಗೆ ಬಸ್ ನಿಲ್ದಾಣದಲ್ಲಿ ತೆಂಗಿನಹಾಲಿನ ಬನ್ನು ಮಾರಿ, ಮಧ್ಯಾಹ್ನ ಚರ್ಚಿನ ಹೆಂಗಸರ ಕಂಪ್ಯೂಟರ್ ತರಗತಿಗೆ ಹೋಗಿ, ಕೆಲವು ವರ್ಷ ಯಾರ‍್ಯಾರದೋ ಹೆಸರು ವಿಳಾಸ ತುಂಬುತ್ತ ಕಳೆದರು. ಈಗಿನ ಕಚೇರಿಯ ಯಜಮಾನ ರೊನೀಲ್ ಆಗ ತೊರಿಕಾ ಬಳಿ ಬನ್ನು ಕೊಳ್ಳುತ್ತಿದ್ದ ಗಿರಾಕಿ.

"ಕಂಪ್ಯೂಟರ್‌ನಲ್ಲಿ ಏನ್ ಬರತ್ತೆ ಅಂತ ಕೇಳಿದೆ," ಎಂದು ರೊನೀಲ್ ನೆನಪಿಸಿಕೊಳ್ಳುತ್ತಾರೆ. "ತೋಳು ಮೈಗೆ ಕೂಡದಿದ್ರೆ ಹೇಳ್ತೀನಿ ಅಂದ್ರು. ನಂಗೆ ಅರ್ಥ ಆಗ್ಲಿಲ್ಲ. ಬನ್ನು ಚೆನ್ನಾಗಿತ್ತು ಅಂತ ಕೆಲಸ ಕೊಟ್ಟೆ."

"ಸುಳ್ಳು," ಎಂದು ತೊರಿಕಾ ತುಟಿ ಆಡಿಸುತ್ತಾರೆ. "ಬನ್ನಿನ ಬಾಕಿ ಕೊಡಕ್ಕಾಗದೆ ಕೊಟ್ಟಿದ್ದು."

ಮಂಗಳವಾರದ ಕೆಂಪು ಸಾಲಿಗೆ ಕಾರಣ ಹುಡುಕಲು ಹೊರಟರೆ ಅದು ಪ್ರೋಗ್ರಾಮಿನಲ್ಲಿ ಸಿಗುವುದಿಲ್ಲ, ಇಲ್ಲಿಯ ನಂಟಸ್ತಿಕೆಯಲ್ಲಿ ಸಿಗುತ್ತದೆ. ಜನ ಮತ್ತು ಮನೆಗಳ ಕೋಷ್ಟಕ ಬರೆಯುವವಳು ವಸೀತಿ. ಸಭಾಂಗಣ ಮತ್ತು ಚಾಪೆಗಳ ಕೋಷ್ಟಕ ಬರೆಯುವವನು ಇಸಿಕೇಲಿ. ಇಬ್ಬರೂ ಮೂವತ್ತರ ಆಸುಪಾಸಿನವರು, ಒಂದೇ ಕೋಣೆಯಲ್ಲಿ, ಎರಡು ಕಿಟಕಿಗಳ ಬಳಿ ಕೂರುತ್ತಾರೆ. ಅವರ ಅಪ್ಪಂದಿರು ಅಣ್ಣತಮ್ಮಂದಿರು, ಹಾಗಾಗಿ ಇವರು ಅಣ್ಣ ತಂಗಿ. ಬೆಳೆದ ಅಣ್ಣ ತಂಗಿ ಎದುರುಬದುರು ನಿಂತು ಮಾತಾಡುವುದಿಲ್ಲ, ಅದು ತಾಂಬು, ನಿಷಿದ್ಧ. ಜಗಳವಲ್ಲ, ಮುನಿಸಲ್ಲ, ಗೌರವ. ಪಟ್ಟಣಕ್ಕೆ ಬಂದ ಎಷ್ಟೋ ಮನೆಗಳಲ್ಲಿ ಇದು ಸಡಿಲವಾಗಿದೆ. ಈ ಇಬ್ಬರ ಮನೆಯಲ್ಲಿ ಸಡಿಲವಾಗಿಲ್ಲ. ಒಬ್ಬರಿಗೊಬ್ಬರು ಸಂದೇಶ ಬರೆದು ಕಳಿಸುವುದೂ ಮಾತಾಡಿದಂತೆಯೇ ಎಂದು ಇಬ್ಬರೂ ಭಾವಿಸುತ್ತಾರೆ.

ತೊರಿಕಾ ಆ ಮನೆತನಕ್ಕೆ ಅತ್ತೆಯ ಮಗಳು. ಅತ್ತೆ ಮಕ್ಕಳು, ಮಾವನ ಮಕ್ಕಳು ಹಾಸ್ಯದ ವರಸೆ. ಏನು ಬೇಕಾದರೂ ಅನ್ನಬಹುದು, ಅನ್ನಿಸಿಕೊಳ್ಳಬಹುದು. ಆದ್ದರಿಂದ ದಿನಕ್ಕೆ ಹತ್ತಾರು ಸಲ 'ಅವನಿಗೆ ಹೇಳು', 'ಅವಳನ್ನ ಕೇಳು' ಎಂಬ ಮಾತುಗಳು ಅವರ ಮೂಲಕ ಈ ಕಿಟಕಿಯಿಂದ ಆ ಕಿಟಕಿಗೆ ಹೋಗುತ್ತವೆ, ಹೋಗುವಾಗ ಒಂದಿಷ್ಟು ಉಪ್ಪು ಖಾರ ಹಚ್ಚಿಕೊಂಡು. ವರ್ಷಗಳಿಂದ ಹೀಗೆ ನಡೆದಿದೆ. ಹೀಗೆ ನಡೆಯುತ್ತಿದೆ ಎಂದು ಯಾರೂ ಗಮನಿಸಿಯೂ ಇರಲಿಲ್ಲ.

ತೊರಿಕಾ ಊರಿಗೆ ಹೋದ ವಾರ ವಸೀತಿ ಒಂದು ಒಳ್ಳೆಯ ಬದಲಾವಣೆ ಮಾಡಿದಳು. ಅಲ್ಲಿಯವರೆಗೆ ಜನರಿಗೆ ಒಂದು, ಎರಡು, ಮೂರು ಎಂದು ಗುರುತು ಸಂಖ್ಯೆ ಬೀಳುತ್ತಿತ್ತು. ಆದರೆ ಎರಡು ದ್ವೀಪಗಳ ಪೆಟ್ಟಿಗೆಗಳು ಗಾಳಿಯ ಹೊತ್ತಿನಲ್ಲಿ ಒಂದಕ್ಕೊಂದು ಮಾತಾಡಲಾರವು. ಎರಡೂ ಒಂದರಿಂದ ಎಣಿಸಲು ತೊಡಗಿದರೆ ಎರಡು ಊರಿನಲ್ಲೂ ಒಂದನೆಯ ಮನುಷ್ಯ ಹುಟ್ಟುತ್ತಾನೆ. ಅದಕ್ಕೇ ಅವಳು ಗುರುತನ್ನು ಅಂಕಿ ಅಕ್ಷರ ಬೆರೆತ ಉದ್ದನೆಯ ಸರಪಳಿಯನ್ನಾಗಿ ಮಾಡಿದಳು. ಒಂದರಂತೆ ಇನ್ನೊಂದು ಎಲ್ಲೂ ಹುಟ್ಟದು. ಇಸಿಕೇಲಿಯ ಚಾಪೆಯ ಕೋಷ್ಟಕ ಮಾತ್ರ ಇನ್ನೂ ಹಳೆಯ ಬರೀ ಸಂಖ್ಯೆಗೇ ಬಾಗಿಲು ತೆರೆದು ಕಾಯುತ್ತಿತ್ತು. ಅವನಿಗೆ ಹೇಳಬೇಕಾದವರು ಕಂದಾವುವಿನಲ್ಲಿ ಹಾಡುತ್ತಿದ್ದರು.

ಅವನಿಗೆ ತಾನಾಗಿ ತಿಳಿಯುವಂತೆಯೂ ಇರಲಿಲ್ಲ. ಅವನ ಲ್ಯಾಪ್‌ಟಾಪಿನಲ್ಲಿ ಇರುವುದು ಉದಾರ ಬುದ್ಧಿಯ ಚಿಕ್ಕ ಡೇಟಾಬೇಸು; ಸಂಖ್ಯೆಯ ಜಾಗಕ್ಕೆ ಅಕ್ಷರ ತುರುಕಿದರೂ ನಗುತ್ತ ಇಟ್ಟುಕೊಳ್ಳುತ್ತದೆ. ಪೆಟ್ಟಿಗೆಯೊಳಗಿನದು ಅಷ್ಟು ಉದಾರಿಯಲ್ಲ. ಅದು ತಕರಾರು ತೆಗೆದಾಗ, ದೋಣಿ ಹೊರಡುವ ದಿನ ಹತ್ತಿರ ಬಂದದ್ದರಿಂದ, ರೊನೀಲ್ ಕೊಂಡಿಯನ್ನೂ ಅದರ ಜೊತೆಗಿನ ಕಟ್ಟುನಿಟ್ಟನ್ನೂ ಕಳಚಿಟ್ಟು ಹೇಗೋ ಕಟ್ಟಿಸಿದ್ದರು.

ಈ ಮಂಗಳವಾರ ಕಚೇರಿಗೆ ಬಂದು ಕೆಂಪು ಸಾಲು ನೋಡಿದ ಅವರು ಅದನ್ನೇ ಹೇಳುತ್ತಾರೆ. "ಅಕ್ಕಾ, ಕೊಂಡಿ ಕಳಚಿ ಕಟ್ಟಿಬಿಡಿ. ಹೋದ ವಾರ ಹಂಗೇ ಕಟ್ಟಿದ್ವಿ. ಓಡ್ತಲ್ಲ."

"ಓಡ್ತು ಅಂತ ಯಾರ್ ಹೇಳಿದ್ರು?"

"ಕೆಂಪು ಬರ್ಲಿಲ್ಲ."

"ನಾಯಿ ಬಾಯಿ ಕಟ್ಟಿಟ್ಟು, ಬೊಗಳ್ಲಿಲ್ಲ, ಕಳ್ಳ ಬಂದಿಲ್ಲ ಅಂದಂಗಾಯ್ತು."

ತೊರಿಕಾ ಕಳೆದ ವಾರದ ಪರೀಕ್ಷೆಯ ಪಟ್ಟಿಯನ್ನು ತೆರೆಯುತ್ತಾರೆ. ಬರೀ ಕಲ್ಪನೆಯ ಜನ, ಕಲ್ಪನೆಯ ಚಾಪೆಗಳು. ಸಂಖ್ಯೆಗಾಗಿ ಮಾಡಿದ ಅಂಕಣಕ್ಕೆ ಅಕ್ಷರಗಳ ಸರಪಳಿ ಬಂದಾಗ ಅದು ಮೊದಲಿನ ಅಂಕಿಗಳನ್ನಷ್ಟೇ ಕಡಿದುಕೊಂಡು ಉಳಿದದ್ದನ್ನು ಬಿಸಾಡಿದೆ. ಏಳರಿಂದ ಶುರುವಾಗಿ ಅಕ್ಷರಕ್ಕೆ ಹೊರಳಿದವರೆಲ್ಲ ಏಳನೆಯವರಾಗಿದ್ದಾರೆ. ಮೊದಲ ಗುರುತೇ ಅಕ್ಷರವಾಗಿದ್ದವರು, ಅಂದರೆ ಊರಿನ ಮೂರರಲ್ಲೊಂದು ಪಾಲಿಗೂ ಹೆಚ್ಚು ಜನ, ಸೊನ್ನೆಯಾಗಿದ್ದಾರೆ. ಪರದೆಯ ಉದ್ದಕ್ಕೂ ಸೊನ್ನೆ, ಸೊನ್ನೆ, ಸೊನ್ನೆ. ಶಾಲೆಯಲ್ಲೂ ಸೊನ್ನೆ, ಚರ್ಚಿನಲ್ಲೂ ಸೊನ್ನೆ, ಕಿಟಕಿಯ ಪಕ್ಕದ ಚಾಪೆಯಲ್ಲೂ ಸೊನ್ನೆ. ಯಾರೂ ಅಲ್ಲದ ಒಬ್ಬರು ಊರಿನ ಎಲ್ಲ ಸೂರುಗಳ ಕೆಳಗೂ ಒಟ್ಟಿಗೆ ಮಲಗಿ ನಿದ್ದೆ ಮಾಡುತ್ತಿರುವಂತೆ.

ರೊನೀಲ್ ಕುರ್ಚಿ ಎಳೆದುಕೊಂಡು ಕೂತುಬಿಡುತ್ತಾರೆ. ಅವರ ಕಷ್ಟ ಸುಳ್ಳಲ್ಲ. ಗುರುವಾರ ದೋಣಿ. ಶನಿವಾರ ಕಂದಾವುವಿನ ಊರೊಂದರಲ್ಲಿ ಅಣಕು ತಾಲೀಮು. ಇಡೀ ಊರು ಗಾಳಿ ಬಂತೆಂದು ನಟಿಸಿ, ಎದ್ದು, ಆಶ್ರಯಕ್ಕೆ ನಡೆಯುತ್ತದೆ. ಆ ದಿನ ಪೆಟ್ಟಿಗೆ ಕೈಕೊಟ್ಟರೆ ಈ ಗಾಳಿಯ ಕಾಲಕ್ಕೆ ಯಾವ ಊರಿಗೂ ಪೆಟ್ಟಿಗೆ ಹೋಗುವುದಿಲ್ಲ. ದೋಣಿಯ ಮೇಲೆ ಇಟ್ಟಮೇಲೆ ಸರಿಪಡಿಸಲು ಸಿಗ್ನಲ್ ಕೂಡ ಇಲ್ಲ. "ಶನಿವಾರ ಕೊಂಡಿ ಹಾಕಿದ ಪೆಟ್ಟಿಗೆ ಎಲ್ಲರ ಮುಂದೆ ಹಠ ಹಿಡಿದು ನಿಂತ್ರೆ?" ಎಂದು ಕೇಳುತ್ತಾರೆ.

ತಾಲೀಮು ನಡೆಯುವ ಊರು ತೊರಿಕಾ ಅವರದೇ.

ಅವರ ಹಟಕ್ಕೆ ಒಂದು ಹಿನ್ನೆಲೆಯಿದೆ. ಕೆಲವು ವರ್ಷಗಳ ಹಿಂದಿನ ಡಿಸೆಂಬರಿನಲ್ಲಿ, ರಜೆಗೆಂದು ಊರಿಗೆ ಹೋಗಿದ್ದಾಗ ದೊಡ್ಡ ಗಾಳಿ ಬಂತು. ತೊರಿಕಾ ಮತ್ತು ಮಕ್ಕಳು ಶಾಲೆಯ ಕಟ್ಟಡಕ್ಕೆ ಓಡಿದರು. ಅಮ್ಮ ಲೈಸಾನಿ ಆ ಸಂಜೆ ಪಕ್ಕದ ಮನೆಯಲ್ಲಿ ಚಾಪೆ ಹೆಣೆಯುತ್ತ ಕೂತಿದ್ದವರು, ಆ ಮನೆಯವರ ಜೊತೆ ಚರ್ಚಿಗೆ ಹೋದರು. ಚರ್ಚಿನಲ್ಲಿ ಅವರನ್ನು ಆ ಮನೆಯವರ ಲೆಕ್ಕಕ್ಕೆ ಸೇರಿಸಿ ಬರೆದುಕೊಂಡರು. ನಡುವಿನ ಹಳ್ಳದ ಸೇತುವೆ ಕೊಚ್ಚಿಹೋಯಿತು. ಈಚೆಯಿಂದ ಕೂಗಿ ಕೇಳಿದರೆ, ನೈವಾಲು ಮನೆಯವರು ಯಾರೂ ಇಲ್ಲ ಎಂಬ ಉತ್ತರ. ಆಚೆಯಿಂದ ಅಮ್ಮ ಕೇಳಿಸಿದರೂ, ಇಲ್ಲೂ ಬೇರೆ ಮನೆಯ ಲೆಕ್ಕಕ್ಕೆ ಬರೆದಿದ್ದರಿಂದ, ಅದೇ ಬಗೆಯ ಉತ್ತರ. ಹಳ್ಳ ಇಳಿಯುವವರೆಗೆ, ದಿನಗಟ್ಟಲೆ, ಒಂದು ಕೂಗಿನಷ್ಟು ದೂರದಲ್ಲಿ ಕೂತು ಅಮ್ಮ ಮಗಳು, ಒಬ್ಬರು ಹೋದರೆಂದು ಇನ್ನೊಬ್ಬರು, ಅತ್ತರು.

"ನಮ್ಮಲ್ಲಿ ಯಾರೂ ಸಾಯ್ಲಿಲ್ಲ," ಎನ್ನುತ್ತಾರೆ ತೊರಿಕಾ. "ಅದನ್ನ ಯಾರೂ ನಷ್ಟ ಅಂತ ಬರ್ಕೊಳ್ಲಿಲ್ಲ. ಬರ್ಕೊಳ್ಳೋದಾದ್ರೂ ಏನು? ಹಳ್ಳ ಇಳಿದ್ಮೇಲೆ ಅಮ್ಮ ಕೆಸರಲ್ಲಿ ನಡ್ಕೊಂಡು ಬಂದು ಮೊದ್ಲು ಕೆನ್ನೆಗೆ ಹೊಡೆದ್ಲು. ಆಮೇಲೆ ತಬ್ಕೊಂಡ್ಲು. ಇಷ್ಟು ತಡ ಯಾಕೆ ಮಾಡ್ದೆ ಅಂದ್ಲು. ನಾನು ಎಲ್ಲಿ ಅಂತ ಹುಡುಕ್ಲಿ?"

ಮಧ್ಯಾಹ್ನ, ಬೇಯಿಸಿದ ಮರಗೆಣಸು ಮತ್ತು ಚಹಾದ ನಡುವೆ, ಕೊಂಡಿಯ ಮಾತುಕತೆ ಶುರುವಾಗುತ್ತದೆ. ಇಸಿಕೇಲಿ ತನ್ನ ಕಿಟಕಿಯ ಬಳಿ ಕಡಲು ನೋಡುತ್ತ ಕೂತಿದ್ದಾನೆ. ವಸೀತಿ ತನ್ನ ಕಿಟಕಿಯ ಬಳಿ ಅಂಗೈ ನೋಡುತ್ತ ಕೂತಿದ್ದಾಳೆ. ನಡುವೆ ನೆಲದ ಮೇಲೆ ತೊರಿಕಾ.

"ತೊರಿಕಾ, ಜನರ ಕೋಷ್ಟಕದವರನ್ನ ಕೇಳು," ಎನ್ನುತ್ತಾನೆ ಇಸಿಕೇಲಿ ಕಡಲಿಗೆ. "ಸಂಖ್ಯೆ ಹೋಗಿ ಅಕ್ಷರ ಯಾವಾಗ ಬಂತು?"

ತೊರಿಕಾ ವಸೀತಿಯ ಕಡೆ ಪೂರ್ತಿ ತಿರುಗಿ ತುಟಿ ಆಡಿಸುತ್ತಾರೆ. ಧ್ವನಿ ಇಲ್ಲ. ಆದರೂ ತಿರುಗುತ್ತಾರೆ, ಆದರೂ ಹೇಳುತ್ತಾರೆ.

"ಹೇಳು, ಹೋದ ಬುಧವಾರ," ಎನ್ನುತ್ತಾಳೆ ವಸೀತಿ. "ಎರಡು ದ್ವೀಪದಲ್ಲೂ ಒಂದೇ ನಂಬರಿನ ಅಜ್ಜಿ ಇದ್ರೆ, ಪೆಟ್ಟಿಗೆ ಎರಡೂ ಸುವಾಕ್ಕೆ ಬಂದಾಗ ಯಾವ ಅಜ್ಜಿ ಯಾರ ಅಜ್ಜಿ ಅಂತ ಯಾರು ಹೇಳೋರು?"

ತೊರಿಕಾ ಈಚೆ ತಿರುಗುತ್ತಾರೆ. ಬಾಗಿಲಲ್ಲಿ ನಿಂತ ರೊನೀಲ್‌ಗೆ ತಡೆಯಲಾಗುವುದಿಲ್ಲ. "ಅಯ್ಯೋ, ಇಬ್ರಿಗೂ ಕೇಳಿಸ್ತಿದೆಯಲ್ಲ! ಒಂದೇ ಕೋಣೆ!"

"ಕೇಳಿಸೋದು ಬೇರೆ, ಹೇಳಿಸ್ಕೊಳೋದು ಬೇರೆ," ಎನ್ನುತ್ತಾರೆ ತೊರಿಕಾ, ಗಾಳಿಯಂಥ ಧ್ವನಿಯಲ್ಲಿ. ಆಮೇಲೆ ಇಸಿಕೇಲಿಗೆ: "ಕೇಳಿದ್ಯೇನೋ? ನಿನ್ನ ಅಂಕಣ ಸಾಲದಂತೆ. ಹೊಟ್ಟೆ ನೋಡಿದ್ರೆ ಇಷ್ಟಗಲ, ಬರೆದಿರೋ ಅಂಕಣ ನೋಡಿದ್ರೆ ಇಷ್ಟೇ ಇಷ್ಟು."

"ನಿಮ್ಮೂರಿನ ಮೀನು ತಿಂದು ಬೆಳೆದ ಹೊಟ್ಟೆ ಕಣೇ ಇದು."

"ಕದ್ದ ಮೀನು ಅನ್ನು."

ಇಸಿಕೇಲಿ ನಕ್ಕು, ಕೀಲಿಮಣೆ ಎಳೆದುಕೊಂಡು, ತನ್ನ ಚಾಪೆಯ ಕೋಷ್ಟಕದಲ್ಲಿ ಮನುಷ್ಯರಿಗಾಗಿ ಬಿಟ್ಟ ಜಾಗವನ್ನು ಅಕ್ಷರದ ಬಗೆಗೆ, ಸರಪಳಿಯಷ್ಟೇ ಉದ್ದಕ್ಕೆ ಬದಲಾಯಿಸುತ್ತಾನೆ. ತೊರಿಕಾ ಊರನ್ನು ಕೆಡವುತ್ತಾರೆ, ಕಟ್ಟುತ್ತಾರೆ. ಹಸಿರು, ಹಸಿರು. ಚಾಪೆ ಒಪ್ಪಿಕೊಂಡಿದೆ. ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಕೆಂಪು ಸಾಲು. ಈ ಸಲ ಬೇಡ ಎನ್ನುತ್ತಿರುವುದು ವಸೀತಿಯ ಮನೆಯ ಕೋಷ್ಟಕ. ಪ್ರತಿ ಮನೆಗೂ ಇಂಥ ಸಭಾಂಗಣವೆಂದು ಮೊದಲೇ ಗೊತ್ತುಮಾಡಿರುತ್ತದೆ. ಆ ಕೊಂಡಿ ಕೂಡುತ್ತಿಲ್ಲ. ಇಸಿಕೇಲಿಯ ಸಭಾಂಗಣಗಳಿಗೆ ಇರುವುದು ಹಳೆಯ ಚಿಕ್ಕ ಸಂಖ್ಯೆ. ವಸೀತಿ ಅವಕ್ಕೆ ಉದ್ದನೆಯ ಅಕ್ಷರದ ಜಾಗ ಮಾಡಿಟ್ಟಿದ್ದಾಳೆ.

ತೊರಿಕಾ ಹುಬ್ಬು ಏರಿಸುತ್ತಾರೆ. ವಸೀತಿಯ ಕಿವಿ ಕೆಂಪಾಗುತ್ತದೆ.

"ಹೇಳು..." ಎಂದು ತಡವರಿಸುತ್ತಾಳೆ. "ನಾನು ಬದಲಾಯಿಸಿದ ಮೇಲೆ ಆ ಕಡೆಯವರೂ ತಮ್ಮದನ್ನ ಬದಲಾಯಿಸಿರ್ತಾರೆ ಅಂದ್ಕೊಂಡೆ. ಅವರಿಗೆ ತೊಂದ್ರೆ ಆಗ್ಬಾರ್ದು ಅಂತ ಮೊದ್ಲೇ ಜಾಗ ಮಾಡಿಟ್ಟೆ."

ಇಸಿಕೇಲಿ ಕಡಲಿನ ಕಡೆಗೇ ಮುಖ ಮಾಡಿ ನಗತೊಡಗುತ್ತಾನೆ, ವಸೀತಿ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ನಗುತ್ತಾಳೆ. ಇಬ್ಬರೂ ಒಟ್ಟಿಗೆ ನಗುತ್ತಿದ್ದಾರೆ, ಒಬ್ಬರನ್ನೊಬ್ಬರು ನೋಡದೆ. ಒಬ್ಬಳು ಇನ್ನೊಬ್ಬನಿಗೆ ದಾರಿ ಬಿಡುವ ಭರದಲ್ಲಿ ಬಾಗಿಲಿಗೆ ಹಣೆ ಹೊಡೆದುಕೊಂಡಿದ್ದಾಳೆ.

"ಅಯ್ಯೋ, ಏನ್ ಮರ್ಯಾದೆ, ಏನ್ ಮರ್ಯಾದೆ!" ಎಂದು ತೊರಿಕಾ ತೊಡೆ ತಟ್ಟುತ್ತಾರೆ. "ಈ ಮರ್ಯಾದೆಯಲ್ಲಿ ಇಡೀ ಊರು ಸೊನ್ನೆಯಾಗಿತ್ತು!"

"ತೊರಿಕಾ, ಹೇಳು," ಎನ್ನುತ್ತಾನೆ ಇಸಿಕೇಲಿ ಕಣ್ಣೊರೆಸಿಕೊಳ್ಳುತ್ತ. "ಸಭಾಂಗಣ ಇರೋದೇ ಬೆರಳೆಣಿಕೆಯಷ್ಟು. ನಂಬರು ಇಲ್ಲೇ, ಸುವಾದಲ್ಲೇ ಕೊಡ್ತೀವಿ. ಒಂದರ ನಂಬರು ಇನ್ನೊಂದಕ್ಕೆ ಬೀಳಲ್ಲ. ಅದು ಚಿಕ್ಕದಾಗೇ ಇರ್ಲಿ. ಜಾಗ ಮಾಡಿಟ್ಟಿದ್ದಕ್ಕೆ ವಿನಾಕಾ ಅನ್ನು."

ತೊರಿಕಾ ವಸೀತಿಯ ಕಡೆ ತಿರುಗಿ ಹೇಳುತ್ತಾರೆ. ವಿನಾಕಾ ಎಂಬ ಧನ್ಯವಾದದ ಮಾತನ್ನೂ ಬಿಡದೆ ತಲುಪಿಸುತ್ತಾರೆ, ಎರಡು ಸಲ. ವಸೀತಿ ತಲೆ ತಗ್ಗಿಸಿ ತನ್ನ ಅಂಕಣವನ್ನು ಮತ್ತೆ ಚಿಕ್ಕ ಸಂಖ್ಯೆಗೆ ತರುತ್ತಾಳೆ. ಸಂಜೆಯ ಹೊತ್ತಿಗೆ ಕೊನೆಯ ಕೋಷ್ಟಕದವರೆಗೂ ಹಸಿರು. ಬುಧವಾರ ಬೆಳಗಿನ ಮಂಜಿನಲ್ಲಿ ತೊರಿಕಾ ಇನ್ನೊಮ್ಮೆ ಕೆಡವಿ ಕಟ್ಟುತ್ತಾರೆ. ಎಲ್ಲ ದೀಪಗಳೂ ಹತ್ತುತ್ತವೆ, ಒಂದೂ ಬಿಡದೆ.

ರೊನೀಲ್‌ಗೆ ಇನ್ನೂ ಅಳುಕು. ಕೊಂಡಿ ಹಾಕಿದ 'ಬೇಡ' ಎನ್ನಬಲ್ಲ ಪೆಟ್ಟಿಗೆಯನ್ನು ಊರಿನವರ ಮುಂದೆ ಇಡಬೇಕಲ್ಲ. "ಬೇಡ ಅಂದಾಗ ಯಾಕೆ ಅಂತ ಹೇಳೋರು ಅಲ್ಲಿ ಯಾರಿರ್ತಾರೆ?" ಎಂದು ಕೇಳುತ್ತಾರೆ.

"ನಾನಿರ್ತೀನಿ," ಎಂದು ತೊರಿಕಾ ಪೆಟ್ಟಿಗೆಯನ್ನು ಸೊಂಟಕ್ಕೆ ಉಡುವ ಹಳೆಯ ಸುಲು ಬಟ್ಟೆಯಲ್ಲಿ ಸುತ್ತುತ್ತಾರೆ, ಮಗುವನ್ನು ಸುತ್ತುವ ಹಾಗೆ. ದೋಣಿಯಲ್ಲಿ ಇಡೀ ದಾರಿ ಅದು ಅವರ ತೊಡೆಯ ಮೇಲೇ ಇರುತ್ತದೆ. ಕಡಲು ಎತ್ತಿ ಎತ್ತಿ ಇಳಿಸುತ್ತದೆ. ಅವರು ಕಣ್ಣು ಮುಚ್ಚಿದ್ದರೂ ಕೈ ಸಡಿಲಿಸುವುದಿಲ್ಲ.

ಶನಿವಾರ. ಒಂದು ಚೂರೂ ಗಾಳಿಯಿಲ್ಲ. ನೀಲಿ ಆಕಾಶದ ಕೆಳಗೆ ಮರದ ಡೋಲು ಬಡಿದ ಕೂಡಲೇ ಊರಿಗೆ ಊರೇ ಇಲ್ಲದ ಬಿರುಗಾಳಿಗೆ ಹೆದರಿ ಎದ್ದು ನಡೆಯತೊಡಗುತ್ತದೆ, ನಗುತ್ತ, ದಿಂಬು ಹೊತ್ತು, ಕೋಳಿ ಹಿಡಿದುಕೊಂಡು. ಕನಸಿನಲ್ಲಿ ಜನ ನಡೆಯುವ ಹಾಗೆ, ಅವಸರವಿಲ್ಲದ ಅವಸರದಲ್ಲಿ. ಅರ್ಧ ಜನ ಶಾಲೆಗೆ, ಅರ್ಧ ಜನ ಹಳ್ಳದಾಚೆಯ ಚರ್ಚಿಗೆ.

ಶಾಲೆಯ ಬಾಗಿಲಲ್ಲಿ ಪೆಟ್ಟಿಗೆ ಬೇಗನೆ ತನ್ನ ಹಟ ತೋರಿಸುತ್ತದೆ. ಸಾಲು ಉದ್ದವಾಯಿತೆಂದು ದಾದಿ ಒಬ್ಬ ಮುದುಕನ ಹೆಸರು ಬರೆದುಕೊಳ್ಳದೆ ನೇರ ಚಾಪೆ ಕೊಡಲು ನೋಡುತ್ತಾಳೆ. ಟ್ಯಾಬ್ಲೆಟ್ ಒಪ್ಪುವುದಿಲ್ಲ.

"ಇದೇನ್ರೀ ಇದು, ಮನುಷ್ಯ ಎದುರಿಗೇ ನಿಂತಿದ್ದಾನೆ, ಇಲ್ಲ ಅಂತಿದೆ!"

"ಅದಕ್ಕೆ ಇನ್ನೂ ಪರಿಚಯ ಮಾಡಿಸಿಲ್ವಲ್ಲ ನೀವು," ಎನ್ನುತ್ತಾರೆ ತೊರಿಕಾ. ಗಂಟಲು ಅರ್ಧ ಮರಳಿದೆ, ಬಿರುಕು ಬಿಟ್ಟ ಮಡಕೆಯಂತೆ. "ಮೊದ್ಲು ಹೆಸರು, ಆಮೇಲೆ ಚಾಪೆ."

"ಬರೆದುಕೋ ತಾಯಿ," ಎನ್ನುತ್ತಾನೆ ಮುದುಕ. "ಇಲ್ಲ ಅನ್ನಿಸ್ಕೊಂಡು ಮಲಗೋದಕ್ಕಿಂತ ನಿಂತಿರೋದೇ ವಾಸಿ." ಸಾಲಿನಲ್ಲಿ ನಗೆಯೇಳುತ್ತದೆ. ದಾದಿ ಹೆಸರು ಬರೆದುಕೊಳ್ಳುತ್ತಾಳೆ, ಟ್ಯಾಬ್ಲೆಟ್ ಒಪ್ಪುತ್ತದೆ.

ಊಟದ ಹೊತ್ತಿಗೆ ತಾಲೀಮು ಮುಗಿಯುತ್ತದೆ. ಡೋಲು ಮತ್ತೆ ಬಡಿದು, ಗಾಳಿ ಹೋಯಿತೆಂದು ಸಾರಲಾಗುತ್ತದೆ. ಮಣ್ಣಿನ ಒಲೆಯಿಂದ ಮೀನಿನ ಘಮ. ಜನ ಮನೆಗಳಿಗೆ ಚದುರುತ್ತಾರೆ. ಆಗ ಚರ್ಚಿನ ಕಡೆಯಿಂದ ಒಬ್ಬ ಹೆಂಗಸು ಹಳ್ಳ ದಾಟಿ ಬಂದು ತೊರಿಕಾ ಅವರಿಗೆ ಹೇಳುತ್ತಾಳೆ: "ನಿಮ್ಮಮ್ಮ ಏಳ್ತಾ ಇಲ್ಲ ಮಾರಾಯ್ತಿ. ಮುಗೀತು, ಬಾ, ಊಟ ಮಾಡು ಅಂದ್ರೆ, ಮಗಳು ಹುಡುಕ್ಲಿ ಮೊದ್ಲು ಅಂತಾಳೆ."

ಅಮ್ಮ ಎಲ್ಲಿದ್ದಾರೆಂದು ಆ ಹೆಂಗಸು ಈಗಷ್ಟೇ ಹೇಳಿಯಾಗಿದೆ. ಆದರೂ ತೊರಿಕಾ ಶಾಲೆಯ ಮೆಟ್ಟಿಲ ಮೇಲೆ ಕೂತು ಟ್ಯಾಬ್ಲೆಟ್ ತೆರೆದು ನೈವಾಲು ಮನೆ ಎಂದು ಕೇಳುತ್ತಾರೆ. ಮನೆಯ ಕೋಷ್ಟಕ ಜನರ ಕೋಷ್ಟಕಕ್ಕೆ ಬೆರಳು ತೋರಿಸುತ್ತದೆ, ಜನರ ಗುರುತು ಚಾಪೆಗೆ, ಚಾಪೆ ಸಭಾಂಗಣಕ್ಕೆ. ಪರದೆಯ ಮೇಲೆ ಅಮ್ಮನ ಹೆಸರು ಬರುತ್ತದೆ: ಚರ್ಚು, ಬಡಗಣ ಗೋಡೆ, ಎರಡನೆಯ ಕಿಟಕಿ. ಪಕ್ಕದ ಮನೆಯವರ ನಡುವೆ ಕೂತಿದ್ದರೂ ತನ್ನದೇ ಮನೆಯ ಹೆಸರಿನಲ್ಲಿ. ತೊರಿಕಾ ಅದನ್ನು ಬಹಳ ಹೊತ್ತು ನೋಡುತ್ತಾರೆ. ಆಮೇಲೆ ಎದ್ದು ಹೊಸ ಸೇತುವೆಯ ಮೇಲೆ ನಡೆಯುತ್ತಾರೆ.

ಖಾಲಿ ಚರ್ಚಿನಲ್ಲಿ ಹಾಸಿದ ಚಾಪೆಗಳು ಬಿಸಿಲಿಗೆ ಹೊಳೆಯುತ್ತಿವೆ. ಎರಡನೆಯ ಕಿಟಕಿಯ ಕೆಳಗೆ, ಬಿಳಿಗೂದಲಿನ ಚಿಕ್ಕ ಮುದುಕಿಯೊಬ್ಬರು ಕಾಲು ಮಡಿಸಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾರೆ. ತೊರಿಕಾ ಬಾಗಿಲಲ್ಲೇ ನಿಂತು ಟ್ಯಾಬ್ಲೆಟ್ ಎತ್ತಿ ಹಿಡಿದು ಒಡಕು ಧ್ವನಿಯಲ್ಲಿ ಓದುತ್ತಾರೆ: "ಲೈಸಾನಿ ನೈವಾಲು!"

"ಅಮ್ಮನ್ನ ಹೆಸರು ಹಿಡಿದು ಕೂಗ್ತೀಯೇನೇ?" ಎನ್ನುತ್ತಾರೆ ಮುದುಕಿ. ಏಳಿಸು ಎಂದು ಕೈ ಚಾಚುತ್ತಾರೆ. ಎದ್ದು ನಿಂತು, ಮಗಳ ಮುಖವನ್ನು ಹತ್ತಿರದಿಂದ ನೋಡಿ, ಮೆಲ್ಲಗೆ ಹೇಳುತ್ತಾರೆ: "ಈ ಸಲ ಬೇಗ ಬಂದೆ."

"ದಾರಿ ಇತ್ತಲ್ಲಮ್ಮ," ಎನ್ನುತ್ತಾರೆ ತೊರಿಕಾ.